ರೇಟು ಕೇಳಿದ್ದಕ್ಕೇ ಇಳಿದ ಸ್ಕೋರು

ಮುಂಬಯಿಯಲ್ಲಿ ಯಾರು ಸುಮ್ಮನೆ ಕೂತರೂ ವರ್ಷಕ್ಕೊಂದು ನಗೆಯ ಸಂಗತಿ ಆಗಿಯೇ ಆಗುತ್ತದೆ. ನನಗೆ ಮಾತ್ರ ವಾರಕ್ಕೊಂದು ಆಗುತ್ತದೆ. ಅದಕ್ಕೆ ಕಾರಣ ನಾನೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕಾರಣ ಮುಂಬಯಿ ಎಂದು ನಾನು ಹೇಳುತ್ತೇನೆ. ಓದಿ ನೀವೇ ತೀರ್ಮಾನ ಮಾಡಿ.

ಶಾಲೆಯ ಮೆಟ್ಟಿಲು ಹತ್ತಿದವನಲ್ಲ ನಾನು. ಉಡುಪಿ ಕಡೆಯಿಂದ ಬಂದು ಸಯನ್‌ನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತೆ. ಅಕ್ಷರ ಕಲಿತದ್ದು ಅಲ್ಲಿಯ ಗೋಡೆಯ ಮೇಲಿದ್ದ ತಿಂಡಿಯ ಬೋರ್ಡು ನೋಡಿ. ಆ ಕಾಲದಲ್ಲಿ ನಾನು ಮಸಾಲೆ ದೋಸೆ ಮಗುಚಿದರೆ ಪರಿಮಳ ಸ್ಟೇಷನ್ನಿಗೆ ಮುಟ್ಟಿ, ಲೋಕಲ್ ಟ್ರೈನು ಒಂದು ನಿಮಿಷ ಹೆಚ್ಚು ನಿಲ್ಲುತ್ತಿತ್ತು. ರೈಲ್ವೆಯವರು ಇದನ್ನು ಒಪ್ಪುವುದಿಲ್ಲ. ಅವರಿಗೂ ಮರ್ಯಾದೆ ಇದೆಯಲ್ಲ.

ಈಗ ಒಂದು ಆಫೀಸಿನ ಕ್ಯಾಂಟೀನು ನನ್ನ ಕೈಯಲ್ಲಿದೆ. ಮನೆ ಆಂಟಾಪ್ ಹಿಲ್‌ನಲ್ಲಿ. ಹೆಂಡತಿ ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಇಡೀ ಬಿಲ್ಡಿಂಗಿಗೆ ಮಾರುತ್ತಾಳೆ. ಗ್ರೈಂಡರು ನಮ್ಮ ಮಂಚದ ಪಕ್ಕ. ಅದು ತಿರುಗಿದರೆ ಮಂಚವೂ ಸ್ವಲ್ಪ ತಿರುಗುತ್ತದೆ. ಕೆಳಗಿನ ಮನೆಯವರು ಸೊಸೈಟಿ ಮೀಟಿಂಗಿನಲ್ಲಿ ಅದರದ್ದೇ ಜಗಳ ತೆಗೆಯುತ್ತಾರೆ. ಹೀಗಿರುವಾಗ ಬಿಲ್ಡಿಂಗಿನ ಬುಡದಲ್ಲೇ ಒಂದು ಸಣ್ಣ ಅಂಗಡಿ ಖಾಲಿಯಾಯಿತು. ಅದರ ಮಾಲೀಕ ಒಬ್ಬ ಮರಾಠಿ ಮುದುಕ. "ದೀಪಾವಳಿ ಪಾಡ್ಯದವರೆಗೆ ನಿಮಗಾಗಿ ಇಡುತ್ತೇನೆ, ಆಮೇಲೆ ಮೊಬೈಲ್ ರಿಪೇರಿಯವನಿಗೆ" ಎಂದ. ಡಿಪಾಸಿಟ್ಟಿಗೂ ದೊಡ್ಡ ಗ್ರೈಂಡರಿಗೂ ಲೋನು ಬೇಕು. ಕ್ಯಾಂಟೀನು ನನ್ನ ಹೆಸರಲ್ಲಿರುವುದರಿಂದ ಲೋನೂ ನನ್ನ ಹೆಸರಲ್ಲೇ ಆಗಬೇಕು.

"ಇಷ್ಟು ವರ್ಷದಲ್ಲಿ ನಿಮ್ಮ ಹತ್ತಿರ ನಾನು ಕೇಳಿದ್ದು ಇದೊಂದೇ" ಎಂದಳು ಹೆಂಡತಿ.

"ನೀನು ಚಿಂತೆ ಮಾಡಬೇಡ" ಎಂದೆ ನಾನು. ಅವಳಿಗೆ ಚಿಂತೆ ಶುರುವಾದದ್ದೇ ಆಗ.

ಮಾರ್ಕೆಟ್ ಸುತ್ತಿದ್ದು

ಹೋಟೆಲಿನಲ್ಲಿ ಪಳಗಿದವನು ಮೊದಲನೆಯ ಅಂಗಡಿಯಲ್ಲಿ ಈರುಳ್ಳಿ ಕೊಳ್ಳುವುದಿಲ್ಲ. ಮಾರ್ಕೆಟಿನ ಈ ತುದಿಯಿಂದ ಆ ತುದಿಗೆ ರೇಟು ಕೇಳುತ್ತಾ ಹೋಗಬೇಕು. ಬೇಡ ಎಂದು ಬೆನ್ನು ತಿರುಗಿಸಬೇಕು. ಹಿಂದಿನಿಂದ "ಓ ಸೇಠ್, ಆವೋ ಆವೋ" ಎಂದು ಕರೆದರೆ ಅದೇ ಸರಿಯಾದ ರೇಟು. ನಾನು ಬೆನ್ನು ತಿರುಗಿಸಿದ್ದಕ್ಕೆ ದಾದರಿನಲ್ಲಿ ಬಟಾಟೆ ವ್ಯಾಪಾರಿಗಳು ಕಣ್ಣೀರು ಹಾಕಿದ್ದಾರೆ. ಪಕ್ಕದಲ್ಲಿ ಈರುಳ್ಳಿ ಇತ್ತು ಎಂದು ಹೆಂಡತಿ ಹೇಳುತ್ತಾಳೆ, ಅದು ಬೇರೆ.

ಲೋನಿಗೂ ಹಾಗೆಯೇ ಹೊರಟೆ. ಒಂದು ಬ್ಯಾಂಕಿಗೆ ಹೋದೆ, ಪ್ಯಾನ್ ಕಾರ್ಡು ಕೊಟ್ಟೆ, ಮೊಬೈಲಿಗೆ ಬಂದ ನಂಬರು ಹೇಳಿದೆ, ರೇಟು ಕೇಳಿದೆ, ಎದ್ದು ಬಂದೆ. ಪಕ್ಕದ ಬ್ಯಾಂಕಿಗೆ ಹೋದೆ. ಅಲ್ಲಿಂದ ಎದುರಿನದಕ್ಕೆ. ಎಲ್ಲ ಕಡೆ ಎ.ಸಿ., ಎಲ್ಲ ಕಡೆ ಚಹಾ. ಚಹಾದಲ್ಲಿ ಶುಂಠಿ ಕಡಿಮೆ ಎಂದು ಅಲ್ಲಲ್ಲೇ ತಿದ್ದಿದೆ. ಒಂದೇ ವಾರದಲ್ಲಿ ಎಂಟು ಬ್ಯಾಂಕು ಮುಗಿಸಿ ಮನೆಗೆ ಬಂದು ಹೇಳಿದೆ, "ನೋಡು, ಎಂಟೂ ಬ್ಯಾಂಕಿನವರು ನನ್ನ ಹೆಸರು ಬರೆದುಕೊಂಡರು. ಈಗ ಅವರೇ ಓಡಿ ಬರುತ್ತಾರೆ."

ಯಾರೂ ಓಡಿ ಬರಲಿಲ್ಲ. ಒಂಬತ್ತನೆಯ ಬ್ಯಾಂಕಿಗೆ ನಾವಿಬ್ಬರೂ ಹೋದೆವು. ಅಲ್ಲಿಯ ಲೋನ್ ಆಫೀಸರು ನಮ್ಮ ಕಡೆಯದೇ ಹುಡುಗಿ. ಹುಟ್ಟಿ ಬೆಳೆದದ್ದು ವಿಲೆ ಪಾರ್ಲೆಯಲ್ಲಿ, ಅಪ್ಪನಿಗೆ ಅಲ್ಲಿ ಹೋಟೆಲಿತ್ತಂತೆ. ಕಂಪ್ಯೂಟರು ನೋಡಿ ಹುಬ್ಬು ಮೇಲೆ ಮಾಡಿದಳು.

"ಅಂಕಲ್, ನಿಮ್ಮ ಕ್ರೆಡಿಟ್ ಸ್ಕೋರ್ ಚೆನ್ನಾಗಿತ್ತು, ಈಗ ನೀಚೆ ಹೋಗಿದೆ. ಒಂದು ವಾರದಲ್ಲಿ ಎಂಟು ಬ್ಯಾಂಕಿನವರು ನಿಮ್ಮ ಸಾಲದ ರೆಕಾರ್ಡ್ ತೆಗೆದು ನೋಡಿದ್ದಾರೆ, ಎಂಟು ಎನ್‌ಕ್ವೈರಿ ಇದೆ."

"ನಾನು ಏನೂ ತಗೊಳ್ಳಲಿಲ್ಲ ಮಗಾ. ಬರೀ ರೇಟು ಕೇಳಿದ್ದು."

"ಕೇಳಿದ್ದಕ್ಕೇ ಇಳಿದಿದ್ದು, ಅಂಕಲ್."

ಹೆಂಡತಿ ನನ್ನ ಕಡೆ ತಿರುಗಿ ಹೇಳಿದಳು, "ನೀವು ಬಟಾಟೆ ಮುಟ್ಟಿ ನೋಡಿದರೂ ಬಟಾಟೆ ಕೊಳೆಯುವುದಿಲ್ಲ ಮಾರಾಯ್ರೆ. ಇದು ಬಟಾಟೆಗಿಂತ ನಾಜೂಕು."

ಅಡಿಗೆ ಭಟ್ಟನ ನ್ಯಾಯ

ನನಗೆ ಸಿಟ್ಟು ಬಂತು. "ರೇಟು ಕೇಳಿದರೆ ನನ್ನ ಮರ್ಯಾದೆ ಯಾಕೆ ಕಡಿಮೆಯಾಗಬೇಕು?" ಎಂದೆ.

ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು. "ಅಂಕಲ್, ನಮ್ಮ ಪಪ್ಪ ಹೋಟೆಲ್ ಮಾಡುವಾಗ ಒಬ್ಬ ದೋಸೆ ಭಟ್ಟ ಕೆಲಸ ಕೇಳೋದಕ್ಕೆ ಬಂದರೆ ಪಪ್ಪ ಬೇರೆ ಹೋಟೆಲಿಗೆ ಫೋನ್ ಮಾಡ್ತಿದ್ರು. ಅವನು ಆ ರಸ್ತೆಯಲ್ಲಿ ಎಂಟು ಹೋಟೆಲಿಗೆ ಕೇಳಿದ್ದಾನೆ ಅಂತ ಗೊತ್ತಾದರೆ ಏನು ಮಾಡ್ತಿದ್ರು, ಬೋಲೋ?"

"ಇವನು ಎಲ್ಲೋ ಏನೋ ಮಾಡಿಕೊಂಡು ಬಂದಿದ್ದಾನೆ, ಕೈಗೆ ಹಣವಿಲ್ಲದೆ ಪರದಾಡುತ್ತಿದ್ದಾನೆ ಅನ್ನುತ್ತಿದ್ದರು" ಎಂದೆ. ಹೇಳಿ ಮುಗಿಸುವಾಗ ನನಗೇ ಅರ್ಥವಾಗಿತ್ತು. ಆದರೂ ಬಿಡಲಿಲ್ಲ. "ನಾನು ಯಾವ ಹೋಟೆಲಿಗೂ ಕೆಲಸ ಕೇಳಿ ಹೋದವನಲ್ಲ. ಮಾಲೀಕರೇ ನನ್ನ ಕೋಣೆಯ ಹೊರಗೆ ಸಾಲಾಗಿ ನಿಲ್ಲುತ್ತಿದ್ದರು."

"ಹಾಂ, ಹಾಗೇ ಇರಿ ಅಂಕಲ್. ಬ್ಯಾಂಕಿನವರು ತಾವಾಗಿ ಲೋನ್ ಬೇಕಾ ಅಂತ ಮೆಸೇಜ್ ಕಳಿಸಿದರೆ ಏನೂ ಆಗೋದಿಲ್ಲ. ನೀವು ಅದಕ್ಕೆ ಹೂಂ ಅಂತ ಒತ್ತಿದರೆ ಅದು ಲೆಕ್ಕಕ್ಕೆ ಬರ್ತದೆ."

ಇನ್ನೇನು ಮಾಡುವುದು ಎಂದು ಹೆಂಡತಿ ಕೇಳಿದಳು. ಏನೂ ಮಾಡಬಾರದಂತೆ. ಹೊಸ ಅರ್ಜಿ ಎಲ್ಲೂ ಹಾಕಬಾರದು, ಕ್ಯಾಂಟೀನಿಗೆಂದು ಮೊದಲೇ ತೆಗೆದ ಸಾಲದ ಕಂತು ಸರಿಯಾಗಿ ಕಟ್ಟಬೇಕು. ತಿಂಗಳು ಕಳೆದಂತೆ ಆ ಎನ್‌ಕ್ವೈರಿಗಳ ಖಾರ ಇಳಿಯುತ್ತದೆ. ಎರಡು ವರ್ಷಕ್ಕೆ ಹೆಸರೂ ಉಳಿಯುವುದಿಲ್ಲ. ಅಷ್ಟು ಕಾಯಬೇಕಾಗಿಲ್ಲ, ಕೆಲವು ತಿಂಗಳು ಸುಮ್ಮನಿದ್ದರೆ ಸಾಕಾದೀತು.

"ಕೆಲವು ತಿಂಗಳು ಇವರು ಸುಮ್ಮನಿರಬೇಕೇ?" ಹೆಂಡತಿ ಕುರ್ಚಿಗೆ ಒರಗಿದಳು. "ಎರಡು ವರ್ಷದ ದಾರಿಯೇ ಸುಲಭ ಇತ್ತು."

ಬೆಂಚಿನ ಮೇಲಿನ ರಿಪೋರ್ಟು

ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಸಿಮೆಂಟ್ ಬೆಂಚು ಇದೆ. ಸಂಜೆ ಅಲ್ಲಿ ನಾವು ಹಿರಿಯರು ಕೂತು ರಿಪೋರ್ಟು ಹೋಲಿಸುತ್ತೇವೆ. ಶುಗರು, ಬಿ.ಪಿ., ಕೊಲೆಸ್ಟರಾಲು. ಎಲ್ಲದರಲ್ಲೂ ನನ್ನದೇ ಮೇಲು, ಆದರೆ ಆ ಮೇಲಿಗೆ ಡಾಕ್ಟರು ಬೈಯುತ್ತಾರೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಎನ್ನುವ ರಿಪೋರ್ಟು ಜೀವನದಲ್ಲಿ ಮೊದಲ ಸಲ ಸಿಕ್ಕಿದ್ದು ಇದೇ. ನಾನು ದಿನಾ ಮೊಬೈಲಿನಲ್ಲಿ ಸ್ಕೋರು ನೋಡಿ ಎಲ್ಲರಿಗೂ ಹೇಳತೊಡಗಿದೆ.

ಹೆಂಡತಿ ಮೊಬೈಲು ಕಿತ್ತುಕೊಂಡಳು. "ಬ್ಯಾಂಕಿನವರು ನೋಡಿದರೇ ಇಳಿಯುತ್ತದೆ. ನಿಮ್ಮ ಕಣ್ಣು ಬಿದ್ದರೆ ಉಳಿಯುತ್ತದಾ?"

ಬ್ಯಾಂಕಿನ ಹುಡುಗಿಗೆ ಫೋನು ಮಾಡಿದೆವು. ನಮ್ಮ ಸ್ಕೋರು ನಾವೇ ನೋಡಿಕೊಂಡರೆ ಏನೂ ಆಗುವುದಿಲ್ಲವಂತೆ. ಹೆಂಡತಿ ಮೊಬೈಲು ಹಿಂದೆ ಕೊಟ್ಟಳು. ಆದರೂ ಮಂಗಳವಾರ ಶುಕ್ರವಾರ ಅದಕ್ಕೂ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದಳು.

ಬೆಂಚಿನಲ್ಲಿ ವಿಜಯಪುರ ಕಡೆಯ ಒಬ್ಬರಿದ್ದಾರೆ, ಕಟ್ಟಡ ಕೆಲಸದಲ್ಲಿ ಆಳುಗಳ ಮೇಲೆ ಮುಕಾದಮರಾಗಿದ್ದವರು. ಬಹಳ ಶಿಸ್ತಿನ ಮನುಷ್ಯ. ಅವರೂ ಮೊಮ್ಮಗಳ ಕೈಯಲ್ಲಿ ಸ್ಕೋರು ನೋಡಿಸಿದರು. ಮರುದಿನ ಮುಖ ಸಪ್ಪಗೆ ಮಾಡಿಕೊಂಡು ಬಂದರು.

"ಏನಾಯ್ತು?" ಎಂದೆ.

"ನಂದು ಸ್ಕೋರೇ ಇಲ್ಲಂತ ನೋಡ್ರಿ. ಹುಟ್ಟಿದಾಗಿಂದ ಒಬ್ಬರ ಕಡೆ ಒಂದು ಪೈಸಾ ಸಾಲ ತಗೊಂಡಾಂವಲ್ಲ ನಾ. ಅದಕ್ಕ ನನ್ನ ನಂಬಾಕ ಬರೂದಿಲ್ಲಂತ."

ನಾನು ಅವರ ಬೆನ್ನು ತಟ್ಟಿ ಸಮಾಧಾನ ಮಾಡಿದೆ. ಇಷ್ಟು ವರ್ಷ ನನ್ನನ್ನು ಸಾಲಗಾರ ಎಂದು ನಗುತ್ತಿದ್ದವರು ಅವರೇ.

ಬಾಣಂತಿ ಸ್ಕೋರು

ಗಣಪತಿ ಹಬ್ಬದ ಮುಂಚೆ ಬಟ್ಟೆ ತೆಗೆಯಲು ಮಾಲ್‌ಗೆ ಹೋದೆವು. ಬಾಗಿಲಲ್ಲೇ ಟೈ ಕಟ್ಟಿದ ಒಬ್ಬ ನಿಂತಿದ್ದ. ಪಕ್ಕದಲ್ಲಿ ಕೆಂಪು ಟ್ರಾಲಿ ಬ್ಯಾಗುಗಳ ಗುಡ್ಡೆ. ಕ್ರೆಡಿಟ್ ಕಾರ್ಡಿಗೆ ಹೆಸರು ಕೊಟ್ಟರೆ ಬ್ಯಾಗು ಫ್ರೀ.

ನನಗೆ ಊರಿಗೆ ಹೋಗುವುದಿರಲಿಲ್ಲ, ಬ್ಯಾಗಿನ ಅಗತ್ಯವೂ ಇರಲಿಲ್ಲ. ಆದರೆ ಫ್ರೀ ಎಂಬ ಶಬ್ದ ಕೇಳಿದಾಗ ಮನುಷ್ಯನ ಕಾಲು ತಾನಾಗಿ ಆ ಕಡೆ ಹೋಗುತ್ತದೆ. ಅವನು "ಅಂಕಲ್, ಸಿರ್ಫ್ ಪ್ಯಾನ್ ನಂಬರ್" ಎಂದ. ನನ್ನ ಕೈ ಜೇಬಿಗೆ ಹೋದದ್ದೂ ಹೆಂಡತಿಯ ಕೈ ನನ್ನ ಕಾಲರಿಗೆ ಬಂದದ್ದೂ ಒಟ್ಟಿಗೆ.

"ಭಯ್ಯಾ, ಇವರ ಸ್ಕೋರು ಈಗ ಬಾಣಂತಿ ಇದ್ದ ಹಾಗೆ" ಎಂದು ಅವಳು ತನ್ನ ಹಿಂದಿಯಲ್ಲಿ ಅವನಿಗೆ ವಿವರಿಸಿದಳು. "ಹೊರಗಿನ ಗಾಳಿ ತಾಗಬಾರದು. ದೀಪಾವಳಿಯವರೆಗೆ ಒಳಗೇ ಮಲಗಿರಬೇಕು."

ಅವನಿಗೆ ಏನು ಅರ್ಥವಾಯಿತೋ, ನನ್ನನ್ನು ಕನಿಕರದಿಂದ ನೋಡಿ, ಕುಳಿತುಕೊಳ್ಳಲು ಸ್ಟೂಲು ಕೊಟ್ಟ.

ಬೆನ್ನು ತಿರುಗಿಸಿದ್ದು

ದೀಪಾವಳಿ ಹತ್ತಿರ ಬಂತು. ಅಂಗಡಿಯ ಮುದುಕ ಎರಡು ಸಲ ಬಂದು ಕೇಳಿಹೋದ. ಮೊಬೈಲ್ ರಿಪೇರಿಯವನು ಟೇಪು ಹಿಡಿದು ಗೋಡೆ ಅಳೆಯುವುದನ್ನು ಹೆಂಡತಿ ಬಾಲ್ಕನಿಯಿಂದ ನೋಡಿ ಊಟ ಬಿಟ್ಟಳು. ಮರುದಿನವೇ ಬ್ಯಾಂಕಿಗೆ ಹೋದೆವು.

ಹುಡುಗಿ ಕಂಪ್ಯೂಟರು ನೋಡಿ ನಕ್ಕಳು. "ಅಂಕಲ್, ಮೇಲೆ ಬಂದಿದೆ. ಪೂರಾ ಮೊದಲಿನ ಹಾಗಲ್ಲ, ಆದರೆ ಲೋನಿಗೆ ಸಾಕು." ಹೆಂಡತಿ ಕಣ್ಣಿಗೆ ಸೆರಗು ಒತ್ತಿಕೊಂಡಳು. ಹುಡುಗಿ ಬಡ್ಡಿಯ ರೇಟು ಹೇಳಿದಳು, ಪ್ರೊಸೆಸಿಂಗ್ ಫೀ ಹೇಳಿದಳು, ಪೆನ್ನು ಕೊಟ್ಟಳು.

ಈಗ ನೀವೇ ಹೇಳಿ. ಇಡೀ ಜೀವನದಲ್ಲಿ ಮೊದಲು ಹೇಳಿದ ರೇಟಿಗೆ ನಾನು ಕೊತ್ತಂಬರಿ ಸೊಪ್ಪೂ ಕೊಂಡವನಲ್ಲ. ಪೆನ್ನು ಮೇಜಿನ ಮೇಲಿಟ್ಟೆ. "ಜಾಸ್ತಿಯಾಯಿತು, ಬೇಡ" ಎಂದು ಎದ್ದು ಬಾಗಿಲ ಕಡೆ ನಡೆದೆ. ಹಿಂದಿನಿಂದ ಕರೆಯಲಿ ಎಂದು ನಿಧಾನಕ್ಕೇ ನಡೆದೆ. ಯಾರೂ ಕರೆಯಲಿಲ್ಲ. ಬಾಗಿಲು ದಾಟಿದೆ. ಫುಟ್‌ಪಾತಿಗೆ ಇಳಿದೆ. ಬೆನ್ನು ತಿರುಗಿಸಿದ ಮೇಲೆ ಹಿಂದೆ ನೋಡುವುದು ನನ್ನ ಜಾಯಮಾನದಲ್ಲಿಲ್ಲ. ಎದುರಿಗೆ ಇನ್ನೊಂದು ಬ್ಯಾಂಕಿತ್ತು. ಅದರ ಮುಂದೆ ಛತ್ರಿಯಡಿ ಕೂತವನು "ಲೋನ್ ಚಾಹಿಯೇ, ಅಂಕಲ್?" ಎಂದ. ಹೆಂಡತಿಯ ಅಂಗಡಿ ಕಣ್ಣ ಮುಂದೆ ಬಂತು, ಬೆವರೂ ಬಂತು. ಆದರೂ ಜೇಬಿನಿಂದ ಪ್ಯಾನ್ ಕಾರ್ಡಿನ ಮೂಲೆ ಹೊರಗೆ ಬಂದಿತ್ತು.

"ಇವರೇ, ಬನ್ನಿ, ಬನ್ನಿ, ಕಡಿಮೆ ಮಾಡಿದ್ದಾರೆ."

ಹೆಂಡತಿ ಬ್ಯಾಂಕಿನ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು. ಹಿಂದೆ ಹುಡುಗಿ, ಅವಳ ಹಿಂದೆ ಸೆಕ್ಯೂರಿಟಿಯವನು. ಪ್ರೊಸೆಸಿಂಗ್ ಫೀ ಅರ್ಧಕ್ಕರ್ಧ ಇಳಿದಿತ್ತು. ನಾನು ಎದೆ ಮುಂದೆ ಮಾಡಿ ಒಳಗೆ ಹೋಗಿ ಸಹಿ ಹಾಕಿದೆ. ನಾನು ಬೆನ್ನು ತಿರುಗಿಸಿದರೆ ಮುಂಬಯಿಯ ಬ್ಯಾಂಕೂ ಕರೆಯುತ್ತದೆ ಎಂದು ಬೆಂಚಿನಲ್ಲಿ ಇವತ್ತಿಗೂ ಹೇಳುತ್ತೇನೆ. ಒಳಗೆ ನಡೆದದ್ದನ್ನು ಹೆಂಡತಿ ಬೇರೆ ಥರ ಹೇಳುತ್ತಾಳೆ. ನಾನು ರಸ್ತೆ ದಾಟುವುದನ್ನು ಕಂಡ ಹುಡುಗಿ ಮ್ಯಾನೇಜರ ಕೋಣೆಗೆ ಓಡಿದಳಂತೆ. "ಸರ್, ಫೀ ಅರ್ಧ ಮಾಡಿ. ಆ ಅಂಕಲ್ ಎದುರಿನ ಬ್ಯಾಂಕಿಗೆ ಹೋಗಿ ರೇಟು ಕೇಳಿದರೆ ಸ್ಕೋರ್ ಮತ್ತೆ ಬೀಳ್ತದೆ, ನನ್ನ ಇಷ್ಟು ತಿಂಗಳ ಮೆಹನತ್ ಹೋಗ್ತದೆ."

ಪಾಡ್ಯದ ದಿನ ಅಂಗಡಿ ತೆರೆಯಿತು. ಮಂಚ ಈಗ ಇದ್ದಲ್ಲೇ ಇರುತ್ತದೆ. ಮೊದಲ ಗಿರಾಕಿಯೇ ಹಿಟ್ಟಿನ ರೇಟು ಕೇಳಿ, ಜಾಸ್ತಿಯಾಯಿತು ಎಂದು ನನ್ನ ಹಾಗೇ ಬೆನ್ನು ತಿರುಗಿಸಿ ಹೊರಟಳು. ಕರೆಯೋಣ ಎಂದು ನಾನು ಬಾಯಿ ತೆರೆದೆ. ಹೆಂಡತಿ ಕೈ ಅಡ್ಡ ಹಿಡಿದು, ಅವಳಿಗೆ ಕೇಳುವ ಹಾಗೆ ಹೇಳಿದಳು:

"ಹೋಗಿ ಅಕ್ಕ, ಎಂಟು ಅಂಗಡಿ ಕೇಳಿಯೇ ಬನ್ನಿ. ಹಿಟ್ಟಿಗೆ ಸ್ಕೋರು ಇಳಿಯುವುದಿಲ್ಲ."