ಲಕ್ಷ್ಮಮ್ಮನವರ ಗಂಡುಬೆಕ್ಕು ಮತ್ತು ನನ್ನ ಕಾಡುಬೆಕ್ಕು

ಸಂತೋಷವಾದ ಕೂಡಲೇ ಗಾಬರಿಯಾಗುವುದು ನನ್ನ ಹಳೆಯ ಕಾಯಿಲೆ. ನಮ್ಮ ದೊಡ್ಡಬಳ್ಳಾಪುರದ ಹತ್ತಿರ, ಮಧುರೆ ಕಡೆಯ ಹಳೆಯ ದಿಬ್ಬವೊಂದನ್ನು ಅಗೆದಾಗ ಬಂದ ಮೂಳೆಗಳನ್ನು ಗುರುತಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಷ್ಟು ವರ್ಷ ನನಗೆ ಸಿಕ್ಕಿದ್ದೆಲ್ಲ ದನ, ಕುರಿ, ಮತ್ತೆ ದನ. ಈ ಸಲ ಬೆಕ್ಕಿನ ತೊಡೆಮೂಳೆಯೊಂದು ಸಿಕ್ಕಿತು, ಅದೂ ಮನೆಬೆಕ್ಕಿನದಕ್ಕಿಂತ ಉದ್ದ. ಕಾಡುಬೆಕ್ಕೇ ಸರಿ ಎಂದು ಬರೆದಿಟ್ಟು ಎರಡು ದಿನ ಎದೆಯುಬ್ಬಿಸಿ ಓಡಾಡಿದೆ. ಮೂರನೆಯ ದಿನ ಹೆದರಿಕೆ ಹಿಡಿಯಿತು. ಹೋಲಿಸಿ ನೋಡಲು ನನ್ನ ಹತ್ತಿರ ಇದ್ದದ್ದು ಒಂದೇ ಮನೆಬೆಕ್ಕಿನ ಮೂಳೆ, ಅದೂ ಯಾವುದೋ ಬಡಕಲು ಹೆಣ್ಣುಬೆಕ್ಕಿನದು.

ಅದೇ ವಾರ ಪಕ್ಕದ ಮನೆ ಲಕ್ಷ್ಮಮ್ಮನವರ ಗಂಡುಬೆಕ್ಕು ವಯಸ್ಸಾಗಿ ತೀರಿಕೊಂಡಿತು. ಅವರ ಮನೆಯಲ್ಲಿ ಮಗ್ಗ ಓಡುತ್ತವೆ. ನೂಲಿಗೆ ಇಲಿ ಬೀಳದಂತೆ ಹದಿನಾಲ್ಕು ವರ್ಷ ಕಾದ ಪ್ರಾಣಿ. ನಮ್ಮ ಹಿತ್ತಲಲ್ಲೇ ಮಣ್ಣು ಮಾಡೋಣ ಎಂದು ನಾನಾಗಿಯೇ ಮುಂದೆ ಬಿದ್ದೆ. ಆಕೆ ಕಣ್ಣೊರೆಸಿಕೊಂಡು, ಜರಿಯಂಚಿನ ಸೀರೆ ತುಂಡಿನಲ್ಲಿ ಸುತ್ತಿ ಕೊಟ್ಟರು. ಮಾಂಸ ಕರಗಿದ ಮೇಲೆ ಅಗೆದು ಮೂಳೆ ತೆಗೆಯುವುದು ನಮ್ಮ ಕಸುಬಿನ ಪದ್ಧತಿ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ. ವರದಿಗೆ ಅವಸರವಿರಲಿಲ್ಲ, ಸಾವಿರಾರು ವರ್ಷ ಕಾದ ಮೂಳೆ ಇನ್ನೊಂದು ವರ್ಷ ಕಾಯಲಾರದೆ? ವರ್ಷ ತುಂಬುವ ಹೊತ್ತಿಗೆ ಅಗೆದೆ. ಬೆಕ್ಕು ಕರಗಿತ್ತು, ಸೀರೆ ಹಾಗೇ ಇತ್ತು. ದೊಡ್ಡಬಳ್ಳಾಪುರದ ನೇಯ್ಗೆಯ ಮೇಲೆ ಗೌರವ ಹೆಚ್ಚಿತು.

ದಿಬ್ಬದ ತೊಡೆಮೂಳೆಯನ್ನೂ ಈ ಬೆಕ್ಕಿನದನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಳೆಯುತ್ತಿದ್ದಾಗಲೇ ಲಕ್ಷ್ಮಮ್ಮ ಬಂದರು, ಕೈಯಲ್ಲಿ ಹಾಲಿನ ಲೋಟ.

"ಇವತ್ಗೆ ವರ್ಷ ಆಯ್ತು ಸಾರ್. ಒಂಚೂರು ಹಾಲು ಬಿಟ್ಟು ಹೋಗ್ತೀನಿ, ಜಾಗ ತೋರ್ಸಿ."

"ಹೇಳ್ರೀ ಈಗ," ಎಂದಳು ಹೆಂಡತಿ ಅಡುಗೆಮನೆಯಿಂದ.

ತೊದಲುತ್ತ ಎಲ್ಲವನ್ನೂ ಒಪ್ಪಿಕೊಂಡೆ. ಬೀದಿಯವರನ್ನೆಲ್ಲ ಸೇರಿಸುತ್ತಾರೇನೋ, ಮನೆ ಖಾಲಿ ಮಾಡಬೇಕಾಗುತ್ತದೇನೋ ಎಂದು ಮನಸ್ಸಿನಲ್ಲೇ ಪಾತ್ರೆ ಸಾಮಾನು ಕಟ್ಟತೊಡಗಿದೆ. ಆಕೆ ಕುರ್ಚಿ ಎಳೆದು ಕೂತು ಬಹಳ ಹೊತ್ತು ಮೂಳೆಗಳನ್ನೇ ನೋಡಿದರು.

"ಪಕ್ಕದ್ದು ಯಾರ್ದು?"

"ಹಳೇ ಕಾಲದ್ದಮ್ಮ. ಕಾಡುಬೆಕ್ಕು ಅಂದ್ಕೊಂಡಿದ್ದೆ."

ಆಕೆ ಇನ್ನಷ್ಟು ಬಗ್ಗಿದರು. "ನಮ್ದೇ ಉದ್ದ ಐತಲ್ಲ ಸಾರ್."

ಹೌದು, ಒಂದು ಅಕ್ಕಿಕಾಳಿನಷ್ಟು ಹೆಚ್ಚು ಉದ್ದವಿತ್ತು. ನಾನು ಹೆದರಿದ್ದೂ ಅದಕ್ಕೇ. ಲಕ್ಷ್ಮಮ್ಮ ಲೋಟವನ್ನು ಮೂಳೆಯ ಮುಂದಿಟ್ಟು ಕೈಮುಗಿದರು. ನಾನು ವರದಿಯಲ್ಲಿ 'ಕಾಡುಬೆಕ್ಕು' ಎಂದಿದ್ದನ್ನು ಹೊಡೆದು, 'ಬೆಕ್ಕು. ಕಾಡಿನದೋ ಮನೆಯದೋ ಹೇಳಲಾಗದು' ಎಂದು ಬರೆದೆ.

ಆ ವರದಿಯನ್ನು ಇದುವರೆಗೆ ಯಾರೂ ಓದಿದಂತಿಲ್ಲ. ಲಕ್ಷ್ಮಮ್ಮನವರ ವರದಿ ಮಾತ್ರ ಸಂಜೆಯೊಳಗೆ ಇಡೀ ಬೀದಿಗೆ ತಲುಪಿತು: ಅವರ ಬೆಕ್ಕು ಕಾಡುಬೆಕ್ಕನ್ನೂ ಮೀರಿಸಿತಂತೆ, ಪಕ್ಕದ ಮನೆ ಸಾರೇ ಅಳೆದು ನೋಡಿದರಂತೆ. ಬದುಕಿನಲ್ಲಿ ಮೊದಲ ಸಲ ನನ್ನ ಕಸುಬು ಏನೆಂದು ಜನಕ್ಕೆ ತಿಳಿದಿದೆ. ಈಗ ನಾನು ವಾಕಿಂಗ್ ಹೊರಟರೆ, ಬೆಕ್ಕು ಸಾಕಿದವರು ನಮಸ್ಕಾರ ಹೇಳಿ, ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ.