ಗೋಡೆಯ ತೂತು ಮುಚ್ಚಿದ ಪಂಡಿತೆ

"ಈ ಅಟ್ಲಾಂಟಿಕ್ ಗಾಳಿಗೆ ಈ ಸಲ ಬುದ್ಧಿ ಕಲಿಸಿಯೇ ತೀರುತ್ತೇನೆ!" ಎಂದು ನಾನು ಸೌಟು ಎತ್ತಿ ಶಪಥ ಮಾಡಿದಾಗ ಗಂಡ ಫೆಹೀನ್ ಬಲೆ ಹೊತ್ತು ದೋಣಿಗೆ ಹೊರಟಿದ್ದ.

"ನಾನು ಬರೋದು ಎರಡು ದಿನ ಆಗುತ್ತೆ. ಅಷ್ಟರಲ್ಲಿ ಗೆದ್ದುಬಿಡು," ಎಂದು ಹೋದ.

ನಾನು ಡಬ್ಲಿನ್ನಿನಲ್ಲಿ ಓದಿದವಳು. ಮದುವೆಯಾಗಿ ಈ ಅರಾನ್ ದ್ವೀಪಕ್ಕೆ ಬಂದಾಗ ಹಿತ್ತಲಲ್ಲಿ ಇದ್ದದ್ದು ಬರೀ ಬಂಡೆ. ಏಳು ವರ್ಷ ಮರಳು, ಕಡಲಪಾಚಿ ಹೊತ್ತು ಹೊತ್ತು ಅದರ ಮೇಲೆ ಒಂದು ಗೇಣು ಮಣ್ಣು ಮಾಡಿದೆವು. ಮಣ್ಣನ್ನೇ ಹೆತ್ತವರು ಲೋಕದಲ್ಲಿ ಎಷ್ಟು ಜನರಿದ್ದಾರೆ, ಹೇಳಿ! ಈ ವರ್ಷ ಅದರಲ್ಲಿ ಹನ್ನೊಂದು ಎಲೆಕೋಸು. ಅವುಗಳ ನಡುವೆ ಆಡುವ ಮೂರು ವರ್ಷದ ಮಗಳು ನೂಲಾ ಸೋಮವಾರ ಎರಡು ಸಲ ಕೆಮ್ಮಿದಳು. ಎರಡು ಸಲ! ಮೂರನೆಯದಕ್ಕೆ ಕಾಯದೆ ನಾನು ನ್ಯುಮೋನಿಯಾದವರೆಗೂ ಯೋಚಿಸಿ ಮುಗಿಸಿದೆ.

ಅಪರಾಧಿ ಹಿತ್ತಲ ಗೋಡೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟದ್ದು, ಮೈತುಂಬಾ ತೂತು. ಜೇಡಿಮಣ್ಣು, ಹಳೆಯ ಕಾಲುಚೀಲ, ಕೊನೆಗೆ ಫೆಹೀನನ ಸ್ವೆಟರ್, ಎಲ್ಲವನ್ನೂ ತುರುಕಿದೆ.

ಅತ್ತೆ ಬಾರ್ಬ್ರ ಬಾಗಿಲಲ್ಲಿ ಚಹಾ ಹೀರುತ್ತಾ ನಿಂತಿದ್ದರು.

"ಏನಮ್ಮಾ, ಗೋಡೆಗೂ ಶೀತವಾ?"

"ಮಗೂಗೆ ಗಾಳಿ ಬಡಿಯುತ್ತೆ ಅತ್ತೆ."

"ಗಾಳಿ ತೂರಿ ಹೋಗ್ಲಿ ಅಂತ್ಲೇ ನಮ್ಮ ಮಾವನೋರು ತೂತು ಬಿಟ್ಟಿದ್ದು."

"ನಿಮ್ಮ ಮಾವನೋರು ಭೌತಶಾಸ್ತ್ರ ಓದಿರಲಿಲ್ಲ!"

"ಪಾಪ, ಓದಿರಲಿಲ್ಲ. ಅದಕ್ಕೇ ಗೋಡೆ ನಿಂತಿದೆ."

ಮರುದಿನ ಮಧ್ಯಾಹ್ನ ಗಾಳಿ ಬಂತು. ದಾರಿ ಸಿಗದೆ ಗೋಡೆಗೆ ಹೆಗಲು ಕೊಟ್ಟಿತು. ಧಡಾರ್! ಪುಣ್ಯಕ್ಕೆ ನೂಲಾ ಒಳಗೆ ಅತ್ತೆಯ ಬಳಿ ಇದ್ದಳು. ಹನ್ನೊಂದರಲ್ಲಿ ಒಂಬತ್ತು ಕೋಸು ಕಲ್ಲಿನಡಿ ಅಮರವಾದವು. ಕೋಸು ಹಾಳಾಗಲಿ, ಮರೆ ಕಳೆದುಕೊಂಡ ಮಣ್ಣು ಹಿಡಿಹಿಡಿಯಾಗಿ ಎದ್ದು ಪಕ್ಕದವರ ಹೊಲಕ್ಕೆ ವಲಸೆ ಹೊರಟಿತು. ನನ್ನ ಏಳು ವರ್ಷ ಕಣ್ಣೆದುರೇ ಹಾರುತ್ತಿತ್ತು!

"ಅಳೋದು ಆಮೇಲೆ, ಮೊದಲು ಕಲ್ಲೆತ್ತು!" ಅತ್ತೆ ಗದರಿದರು. ಹಳೆಯ ಹಾಯಿಬಟ್ಟೆಯನ್ನು ಮಣ್ಣಿನ ಮೇಲೆಳೆದು, ಅದು ಹಾರದಂತೆ ನೂಲಾಳನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಅದರ ಮೇಲೆ ಕೂತರು.

ಸಂಜೆಯವರೆಗೂ ಕಟ್ಟಿದೆ. ತೂತು ಬಿಡಲು ಈಗ ನನ್ನ ತಕರಾರಿರಲಿಲ್ಲ. ಆದರೂ ತಾಯಿಯ ಜೀವ! ನೂಲಾ ಆಡುವ ಮೂಲೆಯಲ್ಲಿ ಮಾತ್ರ, ಅತ್ತೆಗೆ ತಿಳಿಯದಂತೆ, ಸೂಜಿಯೂ ತೂರದ ಹಾಗೆ ಒಂದೊಂದೇ ಕಲ್ಲನ್ನು ಅಳೆದು ತೂಗಿ ಬಿಗಿಯಾಗಿ ಜೋಡಿಸಿದೆ.

ಅತ್ತೆ ತಪಾಸಣೆಗೆ ನೇರ ಆ ಮೂಲೆಗೇ ಹೋದರು. ನಾನೂ ಹಿಂದೆಯೇ ಓಡಿದೆ. ಅಲ್ಲಿ ನೂಲಾ ಆಗಲೇ, ಸೂಜಿಯೂ ತೂರದೆಂದು ನಾನು ನಂಬಿದ್ದ ಗೋಡೆಯೊಳಗೆ ಭುಜದವರೆಗೂ ಕೈ ತೂರಿಸಿ, ಆಚೆ ನಿಂತ ಕತ್ತೆಯ ಮೂತಿ ಸವರುತ್ತಿದ್ದಳು.

ಅತ್ತೆ ನನ್ನ ಬೆನ್ನು ತಟ್ಟಿದರು. "ಭೇಷ್ ಮಗಳೇ! ತೂತು ಬಿಡೋದ್ರಲ್ಲಿ ನಮ್ಮ ಮಾವನೋರನ್ನೇ ಮೀರಿಸಿದೆ. ಬೇರೆ ಕಡೆ ಹೇಗೋ ಏನೋ, ಈ ಮೂಲೆ ಮಾತ್ರ ನೂರು ವರ್ಷ ಬೀಳಲ್ಲ!"