ವೀಸಾಕ್ಕಿಂತ ಮೊದಲಿನ ಊಟ

ಬೀಳ್ಕೊಡುಗೆ ಅನ್ನುವುದು ಒಂದು ಸಲ ನಡೆದರೆ ಚೆನ್ನ. ಎರಡು ಸಲ ನಡೆದು, ಆಮೇಲೂ ಆ ಮನುಷ್ಯ ಅದೇ ಓಣಿಯಲ್ಲಿ ಕೊತ್ತಂಬರಿ ಕೊಳ್ಳುತ್ತ ನಿಂತಿದ್ದರೆ ಕಳಿಸಿದವರಿಗೂ ಸಂಕಟ, ನಿಂತವರಿಗೂ ಸಂಕಟ. ನಾನು ಹಾಗೆ ನಿಂತವಳು. ಆದೋನಿಯ ನನ್ನ ಬಂಧುಬಳಗವೆಲ್ಲ ಉಡಿ ತುಂಬಿ, ಕುಬುಸದ ಕಣ ಕೊಟ್ಟು, ಶೇಂಗಾ ಹೋಳಿಗೆ ತಿನ್ನಿಸಿ ನನ್ನನ್ನು ಪರದೇಶಕ್ಕೆ ಕಳಿಸಿಕೊಟ್ಟಿತು. ನಾನು ರೈಲ್ವೆ ಸ್ಟೇಷನ್ನಿನವರೆಗೂ ಹೋಗಲಿಲ್ಲ. ಯಾವ ದೇಶ ಎಂದು ಮಾತ್ರ ಹೇಳುವುದಿಲ್ಲ. ಆ ದೇಶದವರ ಕೈಯಲ್ಲಿ ನನ್ನ ಕೆಲಸ ಇನ್ನೂ ಬಾಕಿ ಇದೆ.

ಹೋಗಬೇಕಾಗಿದ್ದದ್ದು ತಂಗಿ ಶೈಲಜಾಳ ಬಾಣಂತನಕ್ಕೆ. ನಮ್ಮವ್ವ ಇಲ್ಲ; ತಲೆಗೆ ಎಣ್ಣೆ ಹಾಕಿ ನೀರೆರೆಯಲು ಅವಳಿಗಿರುವುದು ನನ್ನ ಕೈ ಒಂದೇ. "ನೀ ಬರ್ತಿ ಅಂತ ನಾ ಧೈರ್ಯದಾಗ ಅದೀನಿ" ಎಂದು ಅವಳು ಫೋನಿನಲ್ಲಿ ಹೇಳಿದ ದಿನವೇ, ಹತ್ತಿ ವ್ಯಾಪಾರ ಮಾಡುವ ನನ್ನ ಗಂಡ ದೆಹಲಿಯ ರಾಯಭಾರ ಕಚೇರಿಯಲ್ಲಿ ವೀಸಾ ಸಂದರ್ಶನಕ್ಕೆ ದಿನ ಹಿಡಿದರು. ನಮ್ಮ ಕಡೆ ದೂರ ಹೋಗುವವರನ್ನು ಬಂಧುಗಳೆಲ್ಲ ಮನೆಗೆ ಕರೆದು ಉಣ್ಣಿಸುವುದು ವಾಡಿಕೆ. ಸಂದರ್ಶನಕ್ಕೆ ಹೋಗುವುದು ಬೇರೆ, ದೇಶಕ್ಕೆ ಹೋಗುವುದು ಬೇರೆ ಎಂದು ಮೊದಮೊದಲು ಎಲ್ಲರಿಗೂ ವಿವರಿಸಿದೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಯಾರೂ ಕೇಳದಿದ್ದರೂ ವಿವರಿಸುವುದು ಅಭ್ಯಾಸವಾಗಿದೆ. ಹೋಳಿಗೆ ತಟ್ಟೆಗೆ ಬಿದ್ದ ಮೇಲೆ ನಾನೂ ವಿವರಿಸುವುದನ್ನು ಬಿಟ್ಟೆ.

ಎಲ್ಲರ ಮನೆಯ ಊಟ ಮುಗಿದ ಮೇಲೆ ಕಚೇರಿಯಿಂದ ಮೇಲ್ ಬಂತು. ದಿನ ಕೊಡುವ ಪದ್ಧತಿ ಬದಲಾಗಿದೆ, ನಿಮ್ಮ ಹಳೆಯ ದಿನ ರದ್ದಾಗಿದೆ, ಹೊಸ ದಿನವನ್ನು ನಾವೇ ಕೊಡುತ್ತೇವೆ ಎಂದಿತ್ತು. ಮೊದಲು ಎಷ್ಟು ಸಲ ಬೇಕಾದರೂ ದಿನ ಬದಲಿಸಿಕೊಳ್ಳಬಹುದಿತ್ತು, ಇನ್ನು ಮೇಲೆ ಒಂದೇ ಸಲ. ಬಹಳ ವಿನಯದ ಇಂಗ್ಲಿಷು. ಅಷ್ಟೊಂದು ವಿನಯ ಕಂಡಾಗಲೇ ಹೆದರಬೇಕಿತ್ತು. ನಾನು ಮಾತ್ರ ಓಣಿಯ ಜನಕ್ಕೆ ಹೆದರಿ, ಹಿಂದಿನ ಸಂದಿಯಿಂದ ಕಾಲೇಜಿಗೆ ಹೋಗತೊಡಗಿದೆ. ಅಲ್ಲೂ ಸೊಪ್ಪಿನ ಈರಮ್ಮ ಹಿಡಿದಳು. "ಹೋಗಿ ಬಂದೇಬಿಟ್ರೇನ್ರಿ ಮೇಡಮ್ಮಾರ? ವಿಮಾನ ಭಾಳ ಜೋರ ಐತಿ ಬಿಡ್ರಿ" ಎಂದು ಮೆಂತ್ಯದ ಸಿವುಡು ಕೈಗಿಟ್ಟಳು.

ಪುಣ್ಯಕ್ಕೆ ಹೊಸ ದಿನ ಬೇಗ ಬಂತು. ಒಂದು ಗುರುವಾರ. ಹೆರಿಗೆಗೆ ಮೊದಲೇ ಹೋಗಿ ಮುಟ್ಟಬಹುದಿತ್ತು. ಬಂಧುಗಳು ಮತ್ತೆ ಕರೆದರು. ಈ ಸುತ್ತಿನಲ್ಲಿ ಹೋಳಿಗೆ ಹೋಗಿ ಕೇಸರಿಬಾತ್ ಆಗಿತ್ತು, ಕುಬುಸದ ಕಣ ಹೋಗಿ ಬರೀ ಎಲೆ ಅಡಿಕೆ ಉಳಿದಿತ್ತು. ಹೊಸ ಉತ್ಸಾಹ ಇದ್ದದ್ದು ಒಬ್ಬರಿಗೇ, ಪೆದ್ದಕಡುಬೂರಿನಲ್ಲಿರುವ ಗಂಡನ ಅಕ್ಕ ಬಸಮ್ಮಕ್ಕನಿಗೆ. ಹತ್ತಿ ಬಿಡಿಸುವ ಗಡಿಬಿಡಿಯಲ್ಲಿ ಮೊದಲ ಸುತ್ತಿನಲ್ಲಿ ಅವರು ನನ್ನನ್ನು ಕರೆದಿರಲಿಲ್ಲ. ಈಗ ಕರೆದರು, ಅದೇ ಗುರುವಾರಕ್ಕೆ. ಬೇರೆ ದಿನ ಅವರಿಗೆ ಆಗದು. ಆ ದಿನ ನಾನು ದೆಹಲಿಯಲ್ಲಿರಬೇಕೆಂದೆ.

"ಊರಾಗ ಎಲ್ಲಾರ ಮನ್ಯಾಗ ಎರಡೆರಡು ಸಲ ಉಂಡಿ. ನಮ್ಮನಿ ಊಟ ಅಂದ್ರ ವಿಮಾನಕ್ಕ ಭಾರ ಆಗತೈತೇನು?" ಎಂದರು. ಆಮೇಲೆ ಬೈಯಲಿಲ್ಲ, ಅಳಲಿಲ್ಲ. ಫೋನಿಡದೆ ಸುಮ್ಮನಿದ್ದರು. ಬಸಮ್ಮಕ್ಕನ ಮೌನಕ್ಕೆ ನನ್ನ ಗಂಡ ಚಿಕ್ಕಂದಿನಿಂದ ಹೆದರಿಕೊಂಡು ಬಂದವರು. "ಪರ್ವಾಲೇದು, ಏನೂ ಆಗಂಗಿಲ್ಲ, ಒಂದ್ಸಲ ಬದಲಿಸಬೋದು ಅಂತ ಇಟ್ಟಾರಂದ್ರ ಬದಲಿಸಲಿ ಅಂತನ ಇಟ್ಟಾರ" ಎಂದು ಅವರೇ ಹೇಳಿದರೆಂದು ನನ್ನ ನೆನಪು. ಹೇಳಿದ್ದು ನಾನು, ತಾವು ಬರೀ ಬಟನ್ ಒತ್ತಿದ್ದು ಎಂದು ಅವರ ನೆನಪು. ಇಂಥ ಹೊತ್ತಿನಲ್ಲಿ ದಾಖಲೆ ನೋಡಬೇಕೆಂದು ವಿದ್ಯಾರ್ಥಿಗಳಿಗೆ ನಾನೇ ಹೇಳುತ್ತೇನೆ. ನೋಡಿದೆ. ದಿನ ತಪ್ಪದೆ ಬರೆಯುವ ನನ್ನ ದಿನಚರಿಯಲ್ಲಿ ಆ ವಾರ ಇರುವುದು ಬಸಮ್ಮಕ್ಕನ ಮನೆಯ ಎಣ್ಣೆಗಾಯಿಯ ವರ್ಣನೆ ಮಾತ್ರ. ಒಂದೆರಡು ದಿನ ಆಚೆ ಸಿಗಬಹುದೆಂದುಕೊಂಡಿದ್ದ ಸಂದರ್ಶನ, ಯುಗಾದಿ ದಾಟಿ, ಬೇಸಿಗೆಯ ಕೊನೆಗೆ ಹೋಗಿ ಕೂತಿತ್ತು. ಹೆರಿಗೆ ಶಿವರಾತ್ರಿಯ ಆಸುಪಾಸು.

ತಂಗಿಗೆ ಹೇಳುವುದು ನನ್ನ ಪಾಲಿಗೆ ಬಂತು. ಕಚೇರಿಯ ಹೊಸ ನಿಯಮಗಳನ್ನು ಬಹಳ ಹೊತ್ತು ವಿವರಿಸಿ, ಬಸಮ್ಮಕ್ಕನ ಊಟವನ್ನು ನಡುವೆ ಒಂದೇ ಮಾತಿನಲ್ಲಿ ದಾಟಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಕ್ಕಾ, ಊಟಕ್ಕ ಏನು ಮಾಡಿದ್ರು?" ಎಂದಳು. ಹೋಳಿಗೆ, ಎಣ್ಣೆಗಾಯಿ ಅಂದೆ.

"ಚೊಲೋ ಇದ್ವೇನು?"

ಇದ್ದವು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಆ ಕಡೆ ಅವಳು ನಕ್ಕಳೆಂದು ಬಹಳ ದಿನ ನಂಬಿಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ.

ಹೆಣ್ಣು ಮಗು ಹುಟ್ಟಿತು. ಶೈಲಜಾಳ ಗಂಡ ಫೋನನ್ನು ಬಕೆಟ್ಟಿನ ಪಕ್ಕ ನಿಲ್ಲಿಸಿ, ನಾನು ಇಲ್ಲಿಂದ ಕೂಗಿದಂತೆಲ್ಲ ಕೂಸಿಗೆ ನೀರು ಹಾಕುವುದನ್ನು ಕಲಿತ. ಎರಡು ವಾರದಲ್ಲಿ ನಾನು ಕೂಗುವುದಕ್ಕೆ ಮೊದಲೇ ಸರಿಯಾಗಿ ಹಾಕತೊಡಗಿದ, ಆದರೂ ಕೂಗಿದೆ. ಶೈಲಜಾ ಮಾತ್ರ ಒಂದು ಮಾತು ಹೇಳಿದಳು: "ತೊಟ್ಟಿಲಿಗೆ ಹಾಕೋದು ನೀ ಬಂದ ಮ್ಯಾಲೆ. ನಮ್ಮನ್ಯಾಗ ಎಷ್ಟು ಸಲ ಬೇಕಾದ್ರೂ ಮುಂದಕ ಹಾಕಬೋದು."

ಹೀಗಾಗಿ ಈ ಸಲ ಯಾರಿಗೂ ಹೇಳದೆ, ಸಣ್ಣ ಚೀಲ ಹಿಡಿದು, ಪಕ್ಕದ ಆಸ್ಪರಿಗೆ ಹೋಗುವವಳಂತೆ ದೆಹಲಿಗೆ ಹೋಗಿ ಬಂದೆ. ಕಿಟಕಿಯ ಆಚೆಗಿದ್ದ ಹುಡುಗಿ ಯಾಕೆ ಹೋಗುತ್ತೀರೆಂದು ಕೇಳಿದಳು. ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕಬೇಕು ಅಂದೆ. ಇಷ್ಟು ಕಡಿಮೆ ವಿವರಣೆ ಕೊಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ವೀಸಾ ಸಿಕ್ಕಿದ್ದು ಅದಕ್ಕೇ ಇರಬೇಕು.

ಟಿಕೆಟ್ ಆಗಿದೆ. ಈಗ ಎಲ್ಲರಿಗೂ ಹೇಳಿದೆ, ಯಾರೂ ನಂಬುತ್ತಿಲ್ಲ. ಒಬ್ಬರೂ ಊಟಕ್ಕೆ ಕರೆದಿಲ್ಲ. ತಡೆಯಲಾಗದೆ ನಿನ್ನೆ ನಾನೇ ಬಸಮ್ಮಕ್ಕನಿಗೆ ಫೋನ್ ಮಾಡಿ, ಬುಧವಾರ ಹೊರಟೆ ಅಂದೆ. "ಹೂಂ, ಹೋಗಿ ಬಾರವ್ವ" ಎಂದು, ಹತ್ತಿಯ ರೇಟಿನ ವಿಷಯಕ್ಕೆ ಹೋದರು. ಬಾಣಂತಿಗೆಂದು ಮಾಡಿದ ಅಂಟಿನುಂಡೆಯನ್ನು ಡಬ್ಬಿಗೆ ತುಂಬುತ್ತ ಕೂತವಳಿಗೆ ಯಾಕೋ ಮನಸ್ಸು ಮುದುಡಿತು. ಓದಿದವಳು, ತಂಗಿ ಕಾಯುತ್ತಿದ್ದಾಳೆ, ಎಲ್ಲ ಗೊತ್ತಿದೆ. ಆದರೂ ಗಂಡನನ್ನು ಕೇಳಿಯೇಬಿಟ್ಟೆ: "ಟಿಕೆಟ್ ಒಂದೆರಡು ದಿನ ಮುಂದಕ ಹೋಗತೈತೇನ್ರಿ? ಅಕ್ಕಾರು ಕರದ್ರೂ ಕರೀಬೋದು."

ಅವರು ನನ್ನ ಪಕ್ಕದಲ್ಲಿದ್ದ ಫೋನನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಹೊರಡುವುದಕ್ಕೆ ಇನ್ನೂ ಎರಡು ದಿನವಿದೆ, ನನ್ನ ಪೆಟ್ಟಿಗೆಯನ್ನು ಈಗಲೇ ಬಾಗಿಲ ಹೊರಗೆ ತಂದಿಟ್ಟಿದ್ದಾರೆ.